ಬೀಜಕ್ಕೆ ಬಿಟ್ಟ ಕಾಯಿ

ಮೊನ್ನೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗ ಅಡಿಗೆಮನೆಯ ಡ್ರಾಯರಿನಲ್ಲಿ ಮೂರು ತೂತಿನ ಒಂದು ತಗಡು ಸಿಕ್ಕಿತು. ಅಂಗೈಯಷ್ಟು ಅಗಲ, ಅಂಚಿಗೆ ತುಕ್ಕು, ಮೂಲೆಯಲ್ಲಿ ದಾರ ಪೋಣಿಸಲು ಮೊಳೆ ಹೊಡೆದು ಮಾಡಿದ ಇನ್ನೊಂದು ಸಣ್ಣ ತೂತು. ಹಾಗೆಂದರೆ ಒಟ್ಟು ನಾಲ್ಕು. ಮೊದಲ ವಾಕ್ಯದಲ್ಲೇ ತಪ್ಪು ಹೇಳಿ ಸಿಕ್ಕಿಬಿದ್ದೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಇನ್ನು ಮುಂದೆ ನೀವು ನನ್ನನ್ನು ಸ್ವಲ್ಪ ಎಚ್ಚರಿಕೆಯಿಂದ ಓದುತ್ತೀರಿ.

"ಇದ್ಯಾವ್ದ್ರೀ, ಚಕ್ಕುಲಿ ಒರಳಿನ ಬಿಲ್ಲೆನಾ?" ಎಂದಳು ನನ್ನ ಹೆಂಡತಿ.

"ಅಲ್ಲ, ಮಿಡಿಸೌತೆ ಅಳೆಯೋದು."

"ಸೌತೆಕಾಯಿನ ಅಳತೆ ಮಾಡ್ಕೊಂಡು ತಿಂತಾರಾ?"

"ನಾವು ತಿನ್ನಲ್ಲ. ಹೊರದೇಶದೋರು ತಿಂತಾರೆ."

"ನಿಮ್ಮ ಕಡೆಯೋರು ಬೆಳೀತಾರೆ, ಅವರ ಕಡೆಯೋರು ತಿಂತಾರೆ. ಅಳತೆ ತಗಡು ಮಾತ್ರ ನನ್ನ ಡ್ರಾಯರ್‌ನಲ್ಲಿ," ಎಂದು ಹೇಳಿ ಅದನ್ನು ಮತ್ತೆ ಸೌಟುಗಳ ಕೆಳಗೆ ತಳ್ಳಿದಳು. ನಾನು ಮತ್ತೆ ತೆಗೆದುಕೊಂಡೆ. ಸ್ಕ್ರೂಡ್ರೈವರ್ ಇನ್ನೂ ಸಿಕ್ಕಿಲ್ಲ.

ಗುಬ್ಬಿ, ಕುಣಿಗಲ್ ಕಡೆ ಬಸ್ಸಿನಲ್ಲಿ ಓಡಾಡುವವರು ಮಿಡಿಸೌತೆಯ ಬೆಳೆಯನ್ನು ನೋಡಿರುತ್ತೀರಿ, ಗುರುತಿಸಿರುವುದಿಲ್ಲ. ಸಾಲಾಗಿ ನೆಟ್ಟ ಗಳುಗಳು, ಅವಕ್ಕೆ ಬಿಗಿದ ತಂತಿ, ತಂತಿಯಿಂದ ಇಳಿಬಿಟ್ಟ ಹುರಿ, ಹುರಿ ಹಿಡಿದು ಏರುವ ಬಳ್ಳಿ. ಬೆಳಗಿನ ಜಾವದಲ್ಲಿ ಅದರ ನಡುವೆ ಬಗ್ಗಿ ಏನೋ ಕಳೆದುಕೊಂಡವರ ಹಾಗೆ ಹುಡುಕುವ ಹೆಂಗಸರು. ಅವರು ಹುಡುಕುವುದು ಬೆರಳುದ್ದದ ಕಾಯಿ. ಇವತ್ತು ಸಣ್ಣ ತೂತಿನಲ್ಲಿ ಹೋಗುವ ಕಾಯಿ ನಾಳೆ ನಡುವಿನ ತೂತು, ನಾಡಿದ್ದು ದೊಡ್ಡದು. ಅದರಾಚೆ ಹೋದರೆ ಯಾರಿಗೂ ಬೇಡ, ದನಕ್ಕೆ. ಎಲೆ ಮರೆಯಲ್ಲಿ ಒಂದು ದಿನ ಕಣ್ಣು ತಪ್ಪಿಸಿಕೊಂಡ ಕಾಯಿ ತನ್ನ ಯೋಗ್ಯತೆಯನ್ನೇ ಕಳೆದುಕೊಳ್ಳುವ ಇಂಥ ಬೆಳೆ ಇನ್ನೊಂದನ್ನು ನಾನು ಕಂಡಿಲ್ಲ. ಕಂಪನಿಯವರು ಬೀಜ ಕೊಡುತ್ತಾರೆ, ಔಷಧಿ ಕೊಡುತ್ತಾರೆ, ಕಾಯನ್ನು ಅವರೇ ಕೊಂಡು ಉಪ್ಪುನೀರಿನ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುತ್ತಾರೆ. ಬೆಳೆಯುವವರಲ್ಲಿ ಹೆಚ್ಚಿನವರು ಅರ್ಧ ಎಕರೆ, ಮುಕ್ಕಾಲು ಎಕರೆಯವರು. ದೊಡ್ಡ ಹಿಡುವಳಿಯವರಿಗೆ ಇಷ್ಟೊಂದು ಬಗ್ಗುವ ಸೊಂಟ ಎಲ್ಲಿಂದ ಬರಬೇಕು?

ಅಳತೆಯ ತೂತು ನನಗೆ ಹೊಸದಲ್ಲ. ನಾನು ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕ್ವಾಲಿಟಿ ಚೆಕಿಂಗ್‌ನಲ್ಲಿದ್ದೇನೆ. ತಯಾರಾದ ಪಿನ್ನನ್ನು ಗೇಜಿಗೆ ಹಾಕಿ ನೋಡುವುದು, ಹೋಗಬೇಕಾದ ಕಡೆ ಹೋದರೆ ಪಾಸು, ಹೋಗಬಾರದ ಕಡೆ ಹೋದರೆ ಕೆಂಪು ಡಬ್ಬ. ಅನುಮಾನಪಡುವುದಕ್ಕೆ ಸಂಬಳ ತೆಗೆದುಕೊಳ್ಳುವ ಮನುಷ್ಯ ನಾನು. ಸಂಜೆ ಆರಕ್ಕೆ ಕಾರ್ಡು ಒತ್ತಿ ಹೊರಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ತರಕಾರಿಯವನ ತಕ್ಕಡಿ, ಆಟೋದವನ ದಾರಿ, ನೆಂಟರ ನಗು, ಎಲ್ಲವನ್ನೂ ಗೇಜಿಗೆ ಹಾಕುತ್ತೇನೆ. ಮನೆಯವರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ, ಅದು ಇಲ್ಲಿ ಬೇಡ.

ಕಡಬದ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ, ಅಮ್ಮನ ತಂಗಿ, ಪುಟ್ಟಗಂಗಮ್ಮ. ಈ ತಗಡು ಅವಳದು. ಚಿಕ್ಕಪ್ಪನದು ಅದೇ ಊರಲ್ಲಿ ಹಿಟ್ಟಿನ ಗಿರಣಿ. ಅವರ ಹುಬ್ಬಿನ ಮೇಲೆ ಯಾವಾಗಲೂ ರಾಗಿಹಿಟ್ಟು ಕೂತಿರುತ್ತದೆ, ಅದರ ಕೆಳಗೆ ವಿಭೂತಿ ಇದೆಯೋ ಇಲ್ಲವೋ ಹೇಳುವುದು ಕಷ್ಟ. ಊರಿಗೆಲ್ಲ ಚಿಕ್ಕಮ್ಮ 'ಗಿರಣಿಯೋರ ಹೆಂಡ್ತಿ'. ಅದಕ್ಕೂ ಮೊದಲು ಇನ್ಯಾರದೋ ಮಗಳು, ಆಮೇಲೆ ಇನ್ಯಾರದೋ ಸೊಸೆ. ಆದರೆ ತವರಿನಿಂದ ಬಂದ ಅರ್ಧ ಎಕರೆ ಅವಳ ಹೆಸರಿನಲ್ಲಿತ್ತು. ಹಾಗಾಗಿ ಮಿಡಿಸೌತೆ ಕಂಪನಿಯ ಬೆಳೆಗಾರರ ಕಾರ್ಡೂ ಅವಳ ಹೆಸರಿಗೇ ಬಂತು. ಫೋಟೋ ಹಚ್ಚಿದ, ಪ್ಲಾಸ್ಟಿಕ್ ಹೊದಿಸಿದ, ಕೋಡ್ ನಂಬರಿನ ಕಾರ್ಡು. ನಿಟ್ಟೂರಿನ ಶೆಡ್ಡಿನಲ್ಲಿ ಕಾಯಿ ತೂಗುವಾಗ ಆ ಕಾರ್ಡು ನೋಡಿ ಗಟ್ಟಿಯಾಗಿ ಕೂಗುತ್ತಾರೆ: "ಪುಟ್ಟಗಂಗಮ್ಮಾ!"

"ಮೊದ್ಲ ದಿನ ನಾನು ಹಿಂದಕ್ಕೆ ತಿರುಗಿ ನೋಡ್ದೆ ಕಣೋ," ಎಂದಿದ್ದಳು ಚಿಕ್ಕಮ್ಮ. "ಯಾರಪ್ಪ ಇವ್ಳು ಅಂತ."

ಕಾರ್ಡನ್ನು ಅವಳು ದೇವರ ಗೂಡಿನಲ್ಲಿಟ್ಟಿದ್ದಳು. ನಾನು ಇದನ್ನು ಬರೆಯುತ್ತಿರುವಂತೆ ಅದರ ಪಕ್ಕದಲ್ಲಿ ಒಂದು ಸಣ್ಣ ದೀಪವೂ ಕಾಣುತ್ತಿದೆ. ದೀಪವನ್ನು ನಂಬಬೇಡಿ, ಅದನ್ನು ನನ್ನ ನೆನಪು ಈಗ ತಾನೇ ಹಚ್ಚಿಟ್ಟಿತು. ಕಾರ್ಡು ಮಾತ್ರ ಅಲ್ಲಿತ್ತು.

ಒಪ್ಪಂದಕ್ಕೆ ಸಹಿ ಹಾಕಿದ್ದು ಕುಣಿಗಲ್ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಸುತ್ತಮುತ್ತಲಿನ ಹಳ್ಳಿಗಳ ಬೆಳೆಗಾರರನ್ನು ಕಂಪನಿಯವರು ಅಲ್ಲಿಗೆ ಕರೆಸಿದ್ದರು. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಗಳಲ್ಲಿತ್ತು. ವೇದಿಕೆಯ ಮೇಲೆ ಗಂಡುಹೆಣ್ಣು ಕೂರುವ ಜೋಡಿ ಕುರ್ಚಿಯಲ್ಲಿ ಕಂಪನಿಯ ಇಬ್ಬರು ಸಾಹೇಬರು ಕೂತಿದ್ದರು. ಚಿಕ್ಕಮ್ಮ ನನ್ನನ್ನು ತುಮಕೂರಿನಿಂದ ಕರೆಸಿಕೊಂಡಿದ್ದಳು. ಅವಳಿಗೆ ಹೆಸರು ಬರೆಯಲು ಬರುತ್ತದೆ, ಬಸ್ಸಿನ ಬೋರ್ಡು ಓದುತ್ತಾಳೆ, ಸಣ್ಣ ಅಕ್ಷರ ಬಂದರೆ ತಡವರಿಸುತ್ತಾಳೆ. "ಪೇಪರ್ ನೋಡೋದೇ ನಿನ್ ಕೆಲ್ಸ ಅಲ್ವೇನ್ಲಾ. ಓದಿ ಹೇಳು. ಗಿರಣಿಯೋರ್ಗೆ ಬ್ಯಾಡ, ಅವ್ರು ಎಲ್ಲಾದಕ್ಕೂ ತಲೆ ಅಲ್ಲಾಡುಸ್ತಾರೆ," ಎಂದಿದ್ದಳು.

ಕಾಗದ ಕನ್ನಡದಲ್ಲೇ ಇತ್ತು, ಓದಿದರೆ ಕನ್ನಡದ ಹಾಗೆ ಕೇಳಿಸುತ್ತಿರಲಿಲ್ಲ, ಅಷ್ಟೆ. ನಾನು ಒಂದೊಂದೇ ಷರತ್ತು ಓದಿ ಮನೆಮಾತಿಗೆ ಇಳಿಸಿದೆ.

"ಬೀಜ ಅವರೇ ಕೊಡ್ತಾರೆ."

"ಹ್ಞೂಂ."

"ಔಷಧಿ ಅವರು ಹೇಳಿದ್ದನ್ನೇ ಹೊಡೀಬೇಕು, ಹೇಳಿದ ದಿನವೇ ಹೊಡೀಬೇಕು."

"ಹ್ಞೂಂ."

"ಕಾಯಿ ಬೇರೆ ಯಾರಿಗೂ ಮಾರಂಗಿಲ್ಲ."

"ಇನ್ಯಾರ್ಗ್ ಬೇಕ್ಲಾ ಅದು? ಮಜ್ಜಿಗೆಹುಳಿಗಾಗಲ್ಲ, ಕೋಸಂಬರಿಗಾಗಲ್ಲ. ಒಳ್ಳೆ ಹೆಬ್ಬೆಟ್ ಇದ್ದಂಗೈತೆ."

ಹೀಗೆ ಮೂರು ಪುಟ ಓದಿ ಮುಗಿಸಿದೆ. ಚಿಕ್ಕಮ್ಮ ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಮೊಣಕೈಯಿಂದ ಆಚೆ ಸರಿಸಿ, ಪೆನ್ನು ಕೇಳಿ ತೆಗೆದುಕೊಂಡು, ಹೆಸರನ್ನು ಪೂರ್ತಿ ಬರೆದಳು. 'ಮ್ಮ' ಬರೆಯುವಾಗ ನಾಲಿಗೆ ಹೊರಗೆ ಬಂದಿತ್ತು. ಆಮೇಲೆ ಕಂಪನಿಯವರು ಹಾಕಿಸಿದ ಊಟ ಮಾಡಿ ಬಸ್ಸು ಹತ್ತಿದೆವು.

ಈಗ ಬೀಜದ ಮಾತಿಗೆ ಬರಬೇಕು. ಅದು ನನ್ನ ಬಾಲ್ಯದಿಂದ ಶುರುವಾಗುತ್ತದೆ, ಬಾಲ್ಯದ ಮೇಲೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ನಮ್ಮ ಅಜ್ಜಿ, ಚಿಕ್ಕಮ್ಮನ ತಾಯಿ, ಹಿತ್ತಿಲ ಬಳ್ಳಿಗಳಲ್ಲಿ ಮೊದಲು ಬಿಟ್ಟ ಚೆಂದದ ಕಾಯಿಯೊಂದಕ್ಕೆ ಬಟ್ಟೆಚೂರು ಕಟ್ಟುತ್ತಿದ್ದಳು. ಬಟ್ಟೆ ಕಟ್ಟಿದ ಕಾಯಿ ಬೀಜದ ಕಾಯಿ, ಅದನ್ನು ಯಾರೂ ಮುಟ್ಟಬಾರದು. ಅದು ಬಳ್ಳಿಯಲ್ಲೇ ದಪ್ಪವಾಗಿ, ಹಳದಿಯಾಗಿ, ತೊಟ್ಟು ಒಣಗುವವರೆಗೆ ಇರುತ್ತಿತ್ತು. ಆಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಸಗಣಿಯ ಬೆರಣಿಗೆ ಮೆತ್ತಿ ಗೋಡೆಗೆ ಬಡಿಯುತ್ತಿದ್ದಳು. ಮುಂದಿನ ವರ್ಷದ ಸೌತೆ, ಹೀರೆ, ಕುಂಬಳ ಎಲ್ಲವೂ ಅಡಿಗೆಮನೆಯ ಗೋಡೆಯ ಮೇಲೆ ಬೆರಣಿಯಾಗಿ ಕಾಯುತ್ತಿದ್ದವು. ಒಮ್ಮೆ ನಾನು ಬಟ್ಟೆ ಕಟ್ಟಿದ ಸೌತೆಕಾಯಿಯನ್ನೇ ಕಿತ್ತು ತಿಂದು, ಹುಣಸೆಬರಲಿನಲ್ಲಿ ಹೊಡೆಸಿಕೊಂಡೆ. ಕೆಂಪು ಬಟ್ಟೆ, ಅಜ್ಜಿಯ ಹಳೇ ಸೀರೆಯ ಅಂಚು. ಕಾಲಿನ ಮೇಲೆ ಎದ್ದ ಬಾಸುಂಡೆ ಇವತ್ತಿಗೂ ಉರಿಯುತ್ತದೆ. ಇದನ್ನು ನಾನು ವರ್ಕ್‌ಶಾಪಿನ ಕ್ಯಾಂಟೀನಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ಮರುಗಿದ್ದಾರೆ.

ಒಂದು ಸಲ ಚಿಕ್ಕಮ್ಮನ ಎದುರಿಗೂ ಹೇಳಿದೆ.

"ನೀನೆಲ್ ತಿಂದ್ಯೋ?" ಎಂದಳು. "ತಿಂದೋನು ನಿಮ್ಮಣ್ಣ. ಏಟು ಬಿದ್ದಿದ್ದೂ ಅವ್ನಿಗೇ. ನೀನು ಅವತ್ತು ಊರಲ್ಲೇ ಇರ್ಲಿಲ್ಲ, ಕಣ್ ಬೇನೆ ಬಂದು ನಿಮ್ಮಪ್ಪ ತುಮಕೂರಿಗೆ ಕರ್ಕಂಡೋಗಿದ್ರು."

"ಬಟ್ಟೆ ಕೆಂಪಗಿತ್ತು ಅಲ್ವಾ?"

"ಕೆಂಪೂ ಇಲ್ಲ ಗಿಂಪೂ ಇಲ್ಲ. ಗೋಣಿದಾರ."

ಇಷ್ಟು ವರ್ಷ ನಾನು ಸಾಕಿಕೊಂಡು ಬಂದ ಬಾಸುಂಡೆ ಬೇರೆಯವರದು! ಅಂದಿನಿಂದ ನನ್ನ ತಲೆಯೊಳಗಿನ ಯಾವ ವಸ್ತುವನ್ನೂ ಅದರ ಬಣ್ಣದ ಮೇಲೆ ನಂಬುವುದನ್ನು ಬಿಟ್ಟಿದ್ದೇನೆ. ಆದರೆ ಕೊನೆಯಲ್ಲೊಂದು ಅನುಮಾನ ಉಳಿದಿದೆ: ಚಿಕ್ಕಮ್ಮನ ನೆನಪಿಗೆ ಗೇಜು ಹಾಕಿದವರು ಯಾರು?

ಮಿಡಿಸೌತೆ ಹಾಕಿದ ಮೊದಲ ಹಂಗಾಮಿನಲ್ಲೇ ಚಿಕ್ಕಮ್ಮ ಅಜ್ಜಿಯ ಕೆಲಸವನ್ನೇ ಮಾಡಿದಳು. ಒಂದು ಸಾಲಿನ ತುದಿಯ ಬಳ್ಳಿಯಲ್ಲಿ ನೇರವಾದ, ಮುಳ್ಳುಮುಳ್ಳಾದ, ಚೆಂದದ ಕಾಯಿಯೊಂದನ್ನು ಆರಿಸಿ ಬಟ್ಟೆ ಕಟ್ಟಿದಳು. ಬಳ್ಳಿ ಅಂದ ಮೇಲೆ ಒಂದು ಕಾಯಿ ಬೀಜಕ್ಕೆ ಬಿಡುವುದು ಅವಳಿಗೆ ಯೋಚನೆ ಮಾಡಿ ಮಾಡುವ ಕೆಲಸವೇ ಅಲ್ಲ, ಹೊಸ್ತಿಲು ದಾಟುವಾಗ ಕಾಲು ಎತ್ತಿದ ಹಾಗೆ. ಕಂಪನಿಯ ಬೀಜ ಮಿಶ್ರತಳಿ, ಅದರ ಕಾಯಿಯ ಬೀಜ ಬಿತ್ತಿದರೆ ತಾಯಿಯ ಹಾಗೆ ಬರುವುದಿಲ್ಲ, ಒಂದೊಂದು ಬಳ್ಳಿ ಒಂದೊಂದು ಮೋರೆ. ಅದೆಲ್ಲ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಟ್ಟುತ್ತಿದ್ದಳೇನೋ.

ಒಂದು ಭಾನುವಾರ ಬೆಳಗ್ಗೆ ನಾನು ಅವಳ ಹೊಲದಲ್ಲೇ ಇದ್ದೆ. ಕಂಪನಿಯ ಫೀಲ್ಡಿನವನು, ಲೋಕೇಶ ಅಂತ, ಬೈಕ್ ನಿಲ್ಲಿಸಿ ನೇರವಾಗಿ ಆ ಸಾಲಿನ ತುದಿಗೆ ನಡೆದ. ಅತ್ತ ಇತ್ತ ನೋಡಲೇ ಇಲ್ಲ. ಅಲ್ಲೇ ನನ್ನ ಗೇಜು ಹೊರಬಂತು: ಯಾರೋ ಹೇಳಿಕೊಟ್ಟಿದ್ದಾರೆ.

"ಏನಮ್ಮ ಇದು?" ಎಂದ ಲೋಕೇಶ. ಕಾಯಿ ಅಷ್ಟು ಹೊತ್ತಿಗೆ ಮೊಣಕೈಯುದ್ದವಾಗಿ, ತಳ ಹಳದಿಗೆ ತಿರುಗಿತ್ತು.

"ಬೀಜುಕ್ ಬುಟ್ಟಿದೀನಪ್ಪ."

"ಬೀಜಕ್ಕಾ! ಅಮ್ಮ, ನಮ್ಮ ಬೀಜ ನೀವು ಹಿಡಿಯಂಗಿಲ್ಲ. ಯಾರ್ಗ್ ಕೊಡಕ್ಕೆ? ಬೇರೆ ಕಂಪನಿಯೋರು ಯಾರಾದ್ರೂ ಬಂದಿದ್ರಾ?"

"ಯಾವ ಕಂಪನಿನೂ ಇಲ್ಲ. ನಮ್ಮವ್ವ ಬುಡ್ತಿದ್ಲು, ನಾನೂ ಬುಟ್ಟೆ."

"ನಿಮ್ಮವ್ವ ನಮ್ಮ ಕಂಪನಿಗೆ ಸೈನ್ ಹಾಕಿರ್ಲಿಲ್ಲ," ಎಂದ ಲೋಕೇಶ. ನನಗೆ ನಗು ಬಂತು, ತಡೆದುಕೊಂಡೆ. ಅವನಿಗೂ ಬಂದಿರಬೇಕು, ಅವನೂ ತಡೆದುಕೊಂಡ. ಮೊಬೈಲಿನಲ್ಲಿ ಕಾಯಿಯ ಫೋಟೋ ತೆಗೆದ, ಬಟ್ಟೆಯ ಫೋಟೋ ತೆಗೆದ, ಚಿಕ್ಕಮ್ಮ ಪಕ್ಕಕ್ಕೆ ಸರಿದು ಸೆರಗು ಹೊದ್ದು ನಿಂತಳು. ತನ್ನದೂ ತೆಗೆಯುತ್ತಾನೆಂದು ತಿಳಿದಿರಬೇಕು. "ಮುಂದಿನ ಹಂಗಾಮಿಗೆ ನಿಮ್ಮ ಕೋಡ್ ಬ್ಲಾಕ್ ಆಗತ್ತೆ ಅಮ್ಮ. ನನ್ನ ಕೈಯಲ್ಲಿಲ್ಲ. ಬೀಜದ ಪ್ಯಾಕೆಟ್ ಬರಲ್ಲ, ಕಾರ್ಡ್ ವಾಪಸ್ ಕೊಡ್ಬೇಕಾಗತ್ತೆ. ನಾಳೆ ಆಫೀಸಿಗೆ ಫೋಟೋ ಕಳಿಸ್ಲೇಬೇಕು ನಾನು," ಎಂದು ಹೇಳಿ ಬೇರೆ ಹೊಲಗಳನ್ನು ನೋಡಲು ಹೋದ. ವಾಪಸ್ ಹೋಗುವಾಗ ಬರುತ್ತೇನೆಂದ.

ಚಿಕ್ಕಮ್ಮ ಕ್ರೇಟಿನ ಕಾಯಿಗಳಲ್ಲಿ ಅಂಟಿಕೊಂಡಿದ್ದ ಒಣಹೂವನ್ನು ಒಂದೊಂದಾಗಿ ಬಿಡಿಸತೊಡಗಿದಳು.

ನಾನು ತನಿಖೆ ಶುರುಮಾಡಿದೆ. ಮೊದಲ ಅನುಮಾನ ಪಕ್ಕದ ಹೊಲದ ಜಯಮ್ಮನ ಮೇಲೆ. ಅವಳದೂ ಮಿಡಿಸೌತೆ, ಅವಳಿಗೂ ಅದೇ ಕಂಪನಿ. ಹಿಂದಿನ ವರ್ಷ ಜಯಮ್ಮನ ಮೇಕೆ ಬೇಲಿ ದಾಟಿ ಚಿಕ್ಕಮ್ಮನ ಅವರೆ ಮೇಯ್ದದ್ದಕ್ಕೆ ಇಬ್ಬರ ನಡುವೆ ಮಾತು ನಿಂತಿತ್ತು. ಮನೆಗಳು ಒಂದೇ ಗೋಡೆಗೆ ಒರಗಿಕೊಂಡಿದ್ದರೂ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಮೇಲಾಗಿ ಜಯಮ್ಮ ಹೆಂಗಸರ ಸಂಘದ ಪುಸ್ತಕ ಬರೆಯುವವಳು, ಓದುಬರಹ ಬಲ್ಲವಳು. ಓದುಬರಹ ಬಲ್ಲವರ ಮೇಲೆ ನನಗೆ ಅನುಮಾನ ಸ್ವಲ್ಪ ಹೆಚ್ಚು.

"ಜಯಮ್ಮನೇ ಚಾಡಿ ಹೇಳಿರೋದು ಚಿಕ್ಕಮ್ಮ. ಇಲ್ದಿದ್ರೆ ಅವನು ಅಷ್ಟು ನೆಟ್ಟಗೆ ಅದೇ ಬಳ್ಳಿಗೆ ಹೆಂಗ್ ಹೋದ?"

ಚಿಕ್ಕಮ್ಮ ತಲೆ ಎತ್ತಲಿಲ್ಲ. "ರೋಡ್ನಾಗ್ ನಿಂತ್ಕಂಡು ನೋಡೋಗು."

ಹೋಗಿ ನಿಂತು ನೋಡಿದೆ. ಹಸಿರಿನ ನಡುವೆ ಕಿತ್ತಳೆ ಬಣ್ಣದ ಬ್ಲೌಸ್ ಪೀಸಿನ ಚೂರು ಬಾವುಟದ ಹಾಗೆ ಹಾರಾಡುತ್ತಿತ್ತು. ನಿಟ್ಟೂರಿನ ರೈಲಿನಲ್ಲಿ ಹೋಗುವವರಿಗೂ ಕಾಣಿಸಿದ್ದರೆ ಆಶ್ಚರ್ಯವಿಲ್ಲ. ಕದ್ದು ಬೀಜ ಹಿಡಿಯುವವರು ಇಂಥ ಬಟ್ಟೆ ಕಟ್ಟುತ್ತಾರೆಯೇ? ಇದನ್ನು ಲೋಕೇಶನಿಗೆ ಹೇಳಬೇಕೆಂದುಕೊಂಡೆ. ಆದರೂ ಜಯಮ್ಮನ ಮೇಲಿನ ಅನುಮಾನವನ್ನು ಪೂರ್ತಿ ಕೈಬಿಡಲಿಲ್ಲ. ಒಮ್ಮೆ ಪಟ್ಟ ಅನುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮ ವಿಭಾಗದಲ್ಲಿಲ್ಲ.

ಎರಡನೇ ಅನುಮಾನ ಲೋಕೇಶನ ಮೇಲೆ. ಕೋಡ್ ತನ್ನ ನೆಂಟರಿಗೆ ಕೊಡಿಸಲು ದಾರಿ ಹುಡುಕುತ್ತಿರಬಹುದು. ಮೂರನೆಯದು ಕಂಪನಿಯ ಮೇಲೆ. ಕಾಯಿ ಸಾಕಾದಾಗ ಬೆಳೆಗಾರರನ್ನು ಕಳಚಿಕೊಳ್ಳಲು ಇಂಥ ಷರತ್ತುಗಳನ್ನು ಮೊದಲೇ ಒಳಗೆ ಹುಗಿದಿಟ್ಟಿರುತ್ತಾರೆ. ಈ ಮೂರನೆಯದು ನನಗೆ ಬಹಳ ಹಿಡಿಸಿತು. ಒಪ್ಪಂದದ ಪ್ರತಿ ಎಲ್ಲಿದೆ ಎಂದು ಕೇಳಿ, ದೇವರ ಗೂಡಿನಿಂದ ತಂದು, ಜಗಲಿಯ ಮೇಲೆ ಕೂತು, ಹುಗಿದಿಟ್ಟ ಷರತ್ತನ್ನು ಅಗೆಯಲು ಶುರುಮಾಡಿದೆ.

ಹುಗಿದಿರಲಿಲ್ಲ. ಮೂರನೇ ಪುಟದ ನಟ್ಟನಡುವೆ, ಉಳಿದ ಷರತ್ತುಗಳಷ್ಟೇ ದೊಡ್ಡ ಅಕ್ಷರದಲ್ಲಿ ಇತ್ತು: ಬೆಳೆಗಾರರು ಯಾವುದೇ ಕಾಯಿಯನ್ನು ಬೀಜಕ್ಕಾಗಿ ಬಳ್ಳಿಯಲ್ಲಿ ಉಳಿಸತಕ್ಕದ್ದಲ್ಲ.

ಆ ಸಾಲನ್ನು ನಾನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದೆ.

ಈಗ ಮಂಟಪದ ಸಂಗತಿಯನ್ನು ಇನ್ನೊಮ್ಮೆ ಹೇಳುತ್ತೇನೆ. ಮೊದಲು ಹೇಳಿದಾಗ ಮೂರು ಪುಟ ಓದಿ ಮುಗಿಸಿದೆ ಎಂದೆನಲ್ಲ, ಅದು ನಾನು ಆ ಭಾನುವಾರದವರೆಗೆ ಪ್ರಾಮಾಣಿಕವಾಗಿ ನಂಬಿದ್ದ ಸಂಗತಿ. ನಡೆದದ್ದು ಹೀಗಿರಬೇಕು: ಎರಡನೇ ಪುಟ ಮುಗಿಯುವಾಗ ಊಟದ ಹಾಲ್ ಕಡೆಯಿಂದ ಒಬ್ಬಟ್ಟಿನ ಸಾರಿನ ವಾಸನೆ ಬಂತು. ಬಾಗಿಲಲ್ಲಿ ಯಾರೋ "ಎರಡ್ನೇ ಪಂಕ್ತಿ, ಏಳ್ರಪ್ಪಾ! ಒಬ್ಬಟ್ಟು ಆಮೇಲೆ ಸಿಗಲ್ಲ!" ಎಂದು ಕೂಗಿದರು. ಕುರ್ಚಿಗಳು ಕಿರ್ರೆಂದವು. ಜನ ಎದ್ದರು. ನಮ್ಮ ಕಡೆಯ ಮದುವೆಗಳಲ್ಲಿ ಎರಡನೇ ಪಂಕ್ತಿ ತಪ್ಪಿದವನ ಪಾಡು ನಿಮಗೆ ಗೊತ್ತು: ಮೂರನೇ ಪಂಕ್ತಿಗೆ ಒಬ್ಬಟ್ಟು ಮುಗಿದು ಬೂಂದಿ ಬರುತ್ತದೆ, ಪಲ್ಯದ ಬಕೆಟ್ಟಿನಲ್ಲಿ ಸೌಟಿನ ಸದ್ದು ಮಾತ್ರ. ನಾನು ಮೂರನೇ ಪುಟ ತಿರುವಿದೆ. "ಮಿಕ್ಕಿದ್ದೆಲ್ಲಾ ಮಾಮೂಲಿ ಚಿಕ್ಕಮ್ಮ. ಕೋರ್ಟು ಗೀರ್ಟು. ಸೈನ್ ಹಾಕು, ಪಂಕ್ತಿ ತುಂಬೋಗತ್ತೆ."

ಇದೂ ಕೂಡ ನೆನಪೇ. ಒಬ್ಬಟ್ಟಿನ ವಾಸನೆಯನ್ನು ತಪ್ಪಿತಸ್ಥ ಮನಸ್ಸು ಆಮೇಲೆ ಸೇರಿಸಿಕೊಂಡಿರಬಹುದು, ಹಸಿವಿನ ಮೇಲೆ ತಪ್ಪು ಹೊರಿಸುವುದು ಸುಲಭ. ಕಂಪನಿಯವರು ಬೇಕೆಂದೇ ಮೂರನೇ ಪುಟದ ಹೊತ್ತಿಗೆ ಪಂಕ್ತಿ ಹಾಕಿಸುತ್ತಾರೆ ಎಂಬ ಸಿದ್ಧಾಂತವನ್ನೂ ಅರ್ಧ ಗಂಟೆ ನಂಬಿ ನೋಡಿದೆ. ಆದರೆ ಯಾವ ಕಡೆಯಿಂದ ಹಾಕಿದರೂ ಪಿನ್ನು ಗೇಜಿನೊಳಗೆ ಹೋಗಲಿಲ್ಲ. ಓದದೆ ಬಿಟ್ಟವನು ನಾನು.

ಚಿಕ್ಕಮ್ಮನಿಗೆ ಇದನ್ನು ಆಗಲೇ ಹೇಳಿದೆನೇ? ಇಲ್ಲ. ಕಾಗದ ಮಡಿಸಿಟ್ಟು ಕೂತೆ.

ಮಧ್ಯಾಹ್ನ ಲೋಕೇಶ ಮತ್ತೆ ಬಂದ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದ. ಮನುಷ್ಯ ಕೆಟ್ಟವನೇನೂ ಅಲ್ಲ ಎಂಬ ಅನುಮಾನ ನನಗೆ ಆಗ ಮೊದಲ ಸಲ ಬಂತು.

"ಅಮ್ಮ, ನಾನೊಂದು ಯೋಚ್ನೆ ಮಾಡಿದೀನಿ," ಎಂದ. "ಈ ಷರತ್ತು ನಂಗೆ ಗೊತ್ತಿರ್ಲಿಲ್ಲ, ತಪ್ಪಾಯ್ತು ಅಂತ ಒಂದು ಲೆಟರ್ ಬರ್ಕೊಡಿ. ಫೋಟೋ ಜೊತೆ ಅದನ್ನೂ ಕಳಿಸ್ತೀನಿ. ಮೊದಲ ಸಲ ಅಂತ ಬಿಡ್ತಾರೆ. ಕೋಡ್ ಉಳಿಯತ್ತೆ."

"ಗೊತ್ತಿರ್ಲಿಲ್ಲ ಅಂತ ಯಾಕ್ ಬರೀಲಿ?" ಎಂದಳು ಚಿಕ್ಕಮ್ಮ.

"ಗೊತ್ತಿತ್ತಾ?"

"ಗೊತ್ತಿತ್ತೋ ಇಲ್ವೋ, ಮರ್ತಿದ್ದೆನೋ. ಓದಿಸ್ಕಂಡು ಸೈನ್ ಹಾಕಿದೀನಿ ಕಣಪ್ಪ ನಾನು. ಹೆಬ್ಬೆಟ್ ಒತ್ತಿಲ್ಲ. ನನ್ನಕ್ಕನ ಮಗ ಕೂತ್ಕಂಡು ಒಂದೊಂದೇ ಓದಿ ಹೇಳವ್ನೆ. ಈಗ ಗೊತ್ತಿರ್ಲಿಲ್ಲ ಅಂದ್ರೆ ಶೆಡ್ನಾಗೆ ಎಲ್ರೂ ಏನಂತಾರೆ? ಓದ್ದೆ ಸೈನ್ ಹಾಕವ್ಳೆ ಗಿರಣಿಯೋನ ಹೆಂಡ್ತಿ ಅಂತಾರೆ."

"ಕೋಡ್ ಹೋಗತ್ತಲ್ಲಮ್ಮ."

"ಓಗ್ಲಿ ಬುಡು." ಧ್ವನಿ ಗಟ್ಟಿಯಾಗಿಯೇ ಇತ್ತು. ಆದರೆ ಅವಳ ಕಣ್ಣು ಒಳಗಿನ ಗೂಡಿನ ಕಡೆ ಹೋಗಿಬಂದದ್ದನ್ನು ನಾನು ನೋಡಿದೆ. ಲೋಕೇಶನೂ ನೋಡಿದ. ಅವನು ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಿ ಸಾರ್," ಎಂದ.

ಇಲ್ಲಿ ನಾನು ಕೂಡಲೇ ಬಾಯಿಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಲೋಕೇಶ ಲೋಟ ಕೆಳಗಿಟ್ಟ, ಎದ್ದ, ಚಪ್ಪಲಿ ಮೆಟ್ಟಿದ, ಹೆಲ್ಮೆಟ್ಟು ಹಾಕಿಕೊಂಡ, ಬೈಕಿನ ಕೀಲಿ ತಿರುಗಿಸಿದ. ಅಷ್ಟೂ ಹೊತ್ತು ನಾನು ಸುಮ್ಮನಿದ್ದೆ.

"ಒಂದು ನಿಮಿಷ," ಎಂದೆ ಆಮೇಲೆ. "ನಾನು ಅದನ್ನ ಓದಿ ಹೇಳ್ಲಿಲ್ಲ ಚಿಕ್ಕಮ್ಮ. ಮೂರನೇ ಪುಟ ಬಿಟ್ಟೆ."

ಚಿಕ್ಕಮ್ಮ ನನ್ನನ್ನು ನೋಡಿದಳು. ಕಾಯಿಯನ್ನು ತಗಡಿನ ತೂತಿಗೆ ಹಾಕುವ ಮೊದಲು ಒಮ್ಮೆ ಕಣ್ಣಲ್ಲೇ ಅಳೆಯುತ್ತಾಳಲ್ಲ, ಹಾಗೆ.

"ಯಾಕ್ ಬುಟ್ಟೆ?"

"ಊಟದ ಪಂಕ್ತಿ ತುಂಬ್ತಿತ್ತು."

ಲೋಕೇಶ ಬೇರೆ ಕಡೆ ತಿರುಗಿ ಕೆಮ್ಮಿದ. ಚಿಕ್ಕಮ್ಮ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇನ್ನೇನ್ ಬುಟ್ಟಿದ್ದೆ?"

"ಇನ್ನೇನೂ ಇಲ್ಲ."

"ನಿಜ್ವಾಗ್ಲೂ?"

"ನನಗೆ ನೆನಪಿರೋ ಮಟ್ಟಿಗೆ..." ಎಂದು ಶುರುಮಾಡಿದವನು ನಿಲ್ಲಿಸಿಬಿಟ್ಟೆ. ನನಗೆ ನೆನಪಿರೋ ಮಟ್ಟ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಣ್ಣುಬೇನೆಯ ದಿನ ನಾನು ಸೌತೆಕಾಯಿ ತಿಂದಿದ್ದೇನೆ.

ಚಿಕ್ಕಮ್ಮ ಲೋಕೇಶ ಕೆಳಗಿಟ್ಟಿದ್ದ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಚಿಕ್ಕಪ್ಪನ ಗಿರಣಿಯ ಬೆಲ್ಟಿನ ಸದ್ದು ಕೇಳಿಸುತ್ತಿತ್ತು. ಆಮೇಲೆ ಚಿಕ್ಕಮ್ಮ ಹೇಳಿದಳು:

"ಸರಿ, ಬರಿ. ಆದ್ರೆ ಗೊತ್ತಿರ್ಲಿಲ್ಲ ಅಂತ ಬರೀಬ್ಯಾಡ. ನನಗೆ ಹೇಳ್ಲಿಲ್ಲ ಅಂತ ಬರಿ."

"ಎರಡೂ ಒಂದೇ ಅಲ್ವಾ?" ಎಂದ ಲೋಕೇಶ.

"ಒಂದೇ ಎಂಗಾಯ್ತದಪ್ಪ? ಗೊತ್ತಿರ್ಲಿಲ್ಲ ಅಂದ್ರೆ ನಾನು ದಡ್ಡಿ. ಹೇಳ್ಲಿಲ್ಲ ಅಂದ್ರೆ ಇವ್ನು."

ಬರೆದೆ. ಒಪ್ಪಂದವನ್ನು ಓದಿ ಹೇಳಿದ ಅಕ್ಕನ ಮಗನು ಮೂರನೇ ಪುಟದ ಷರತ್ತುಗಳನ್ನು ಓದದೆ ಬಿಟ್ಟಿದ್ದರಿಂದ, ಬೀಜದ ಕಾಯಿ ಉಳಿಸಿದ್ದು ಉದ್ದೇಶಪೂರ್ವಕವಲ್ಲವೆಂದೂ, ಸದರಿ ಕಾಯಿಯನ್ನು ಇಂದೇ ಕಿತ್ತುಹಾಕಲಾಗುವುದೆಂದೂ. ನನ್ನ ಹೆಸರನ್ನು ಬರೆಯುವಾಗ ಕೈ ಸ್ವಲ್ಪ ವೇಗವಾಗಿ ಓಡಿತು, ಅಕ್ಷರ ಹಾಳಾಯಿತು. ಬೇಕೆಂದು ಮಾಡಿದ್ದಲ್ಲ ಎಂದು ನಂಬಿದ್ದೇನೆ.

ಮುಂದೇನಾಯಿತೆಂದು ಈಗಲೇ ಹೇಳಿಬಿಡುತ್ತೇನೆ: ಕೋಡ್ ಉಳಿಯಿತು, ಕಾರ್ಡು ಉಳಿಯಿತು, ಮುಂದಿನ ಹಂಗಾಮಿನ ಪ್ಯಾಕೆಟ್ಟೂ ಬಂತು. ನಿಟ್ಟೂರಿನ ಶೆಡ್ಡಿನಲ್ಲಿ ಈಗಲೂ ಅವಳ ಹೆಸರನ್ನು ಕೂಗುತ್ತಾರೆ. ಇದನ್ನು ಕೊನೆಯಲ್ಲಿಟ್ಟರೆ ನಾನು ತಪ್ಪೊಪ್ಪಿಕೊಂಡು ಅವಳನ್ನು ಉಳಿಸಿದ ಕಥೆಯಾಗಿಬಿಡುತ್ತದೆ. ಅಷ್ಟು ಅಚ್ಚುಕಟ್ಟಾಗಿ ಏನೂ ನಡೆಯಲಿಲ್ಲ. ನಡೆದದ್ದು ಬೇರೆ.

ಲೆಟರನ್ನು ಪೂರ್ತಿ ಓದಿ ಹೇಳಿದೆ. ಚಿಕ್ಕಮ್ಮ ಕೇಳಿಸಿಕೊಂಡಳು. ಪೆನ್ನು ಮುಂದೆ ಹಿಡಿದೆ, ತೆಗೆದುಕೊಳ್ಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಸೆರಗಿಗೆ ಕೈ ಒರೆಸಿ ಎದ್ದಳು.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಕಾಫಿ ಕಾಸಿಟ್ಟಿದೀನಿ, ಇಬ್ರೂ ಬಗ್ಗಿಸ್ಕಂಡು ಕುಡೀರಿ. ಬಂದೆ."

ಜಗಲಿ ಇಳಿದು ಪಕ್ಕದ ಮನೆಯ ಮುಂದೆ ನಿಂತಳು. ಒಂದು ವರ್ಷದಿಂದ ತುಳಿಯದ ಹೊಸ್ತಿಲು. ಬೆಳಗ್ಗೆಯಷ್ಟೇ ನಾನು ಚಾಡಿಕೋರಳೆಂದು ತೀರ್ಪು ಕೊಟ್ಟವಳ ಮನೆ. ಸ್ವಲ್ಪ ಹೊತ್ತು ನಿಂತೇ ಇದ್ದಳು. ವಾಪಸ್ ಬರುತ್ತಾಳೆಂದುಕೊಂಡೆ.

"ಜಯಾ," ಎಂದು ಕರೆದಳು. "ಒಂದ್ ಪೇಪರ್ ಓದ್ಬೇಕಿತ್ತು."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಬಾಕ್ಕ," ಎಂಬ ಧ್ವನಿ ಬಂತು. ಚಿಕ್ಕಮ್ಮ ಒಳಗೆ ಹೋದಳು.

ಗೋಡೆ ಒಂದೇ ಆದ್ದರಿಂದ ಎಲ್ಲವೂ ಕೇಳಿಸುತ್ತಿತ್ತು. ಜಯಮ್ಮ ಸಂಘದ ನಿರ್ಣಯ ಓದುವ ಹಾಗೆ, ಒಂದೊಂದು ಪದವನ್ನೂ ಬಿಡಿಸಿ, ಎಲ್ಲೂ ಅವಸರಪಡದೆ ಓದಿದಳು. ಲೋಕೇಶ ಕಾಫಿಲೋಟ ನೋಡುತ್ತ ಕೂತಿದ್ದ. ನನ್ನದೇ ವಾಕ್ಯಗಳು, ಆದರೂ ಒಂದೊಂದನ್ನೂ ಗೇಜಿಗೆ ಹಾಕುತ್ತ ಕೇಳಿದೆ. ಏನಾದರೂ ಬಿಟ್ಟಿದ್ದೇನೆಯೇ? ಓದಿ ಹೇಳುವಾಗ ಏನಾದರೂ ನುಂಗಿದೆನೇ? ಇಲ್ಲ ಎಂದು ಆಣೆ ಮಾಡಿ ಹೇಳಲು ಆಗಲಿಲ್ಲ.

ಜಯಮ್ಮನ ಓದು ಒಂದು ಕಡೆ ನಿಂತಿತು.

"ಇದ್ಯಾಕೋ ಅಕ್ಷರ ಕೂಡ್ತಾ ಇಲ್ವಲ್ಲಕ್ಕ. ಹೆಸ್ರು ಇದ್ದಂಗೈತೆ."

ನಾನು ಎದ್ದು ಹೋಗಿ ಗೋಡೆಯ ಹತ್ತಿರ ನಿಂತೆ. "ಅದು ನನ್ನ ಹೆಸರು ಕಣಮ್ಮ, ನಾನು ಹೇಳ್ತೀನಿ..."

"ನೀನ್ ಸುಮ್ಕಿರು," ಎಂದಳು ಚಿಕ್ಕಮ್ಮ ಗೋಡೆಯಾಚೆಯಿಂದ. ಕೋಪವಿರಲಿಲ್ಲ. "ಅವ್ಳು ಓದ್ಲಿ."

ಜಯಮ್ಮ ಮತ್ತೆ ಮೊದಲಿನಿಂದ ಶುರುಮಾಡಿದಳು.